ಅರವತ್ತೆರಡನೆಯ ಸಾಲು

ಗುರುವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅಮ್ಮನಿಗೆ,

ಮೊದಲು ಕನ್ನಡಕ ಹಾಕಿಕೋ. ಆಮೇಲೆ ಕುಳಿತುಕೋ. ಇದು ನಿಂತುಕೊಂಡು ಓದುವ ಕಾಗದವಲ್ಲ.

ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುವ ಇಬ್ಬರು ಕಾಗದ ಬರೆದುಕೊಳ್ಳುವುದು ತಮಾಷೆಯೇ ಸರಿ. ನೀನೀಗ ಅಂಗಳದಾಚೆಯ ಬೀಜದ ಕೋಣೆಯಲ್ಲಿ ನಾಳೆಗೆ ಪೊಟ್ಟಣ ಕಟ್ಟುತ್ತಿದ್ದೀಯ. ತಕ್ಕಡಿಯ ತಟ್ಟೆ ಮೇಜಿಗೆ ತಾಗುವ ಸದ್ದು ಇಲ್ಲಿಗೇ ಕೇಳಿಸುತ್ತಿದೆ. ಎದ್ದು ಬಂದು ಹೇಳಿದರೆ ಎರಡು ನಿಮಿಷದ ಮಾತು. ಬೆಳಿಗ್ಗೆಯಿಂದ ಮೂರು ಸಲ ಎದ್ದು ಬಂದೆ. ಮೂರು ಸಲವೂ ಟೀ ಬೇಕಾ ಎಂದು ಕೇಳಿ ವಾಪಸ್ಸು ಬಂದೆ. ಮೂರನೆಯ ಸಲ ನೀನು, "ಏನೇ ಇದು, ಇವತ್ತು ನನ್ನನ್ನ ಟೀಯಲ್ಲೇ ತೇಲಿಸಿಬಿಡಬೇಕು ಅಂತಿದ್ದೀಯಾ?" ಎಂದು ಬೈದೆ. ನನಗೆ ಬಾಯಿ ಇಲ್ಲವೆಂಬುದು ಹೊಸ ವಿಷಯವೇನಲ್ಲ. "ಈ ಹುಡುಗಿ ಮಾತಾಡಿದ್ರೆ ಅವಳ ಕಿವಿಗೇ ಅರ್ಧ ಕೇಳಲ್ಲ" ಎಂದು ಮೇಸ್ತ್ರಿ ಅಕ್ಕ ಹೊಲದ ಹೆಂಗಸರನ್ನೆಲ್ಲ ನಗಿಸುವುದು ನಿನಗೆ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಅಲಂಕಾರ ಆಮೇಲೆ, ವಿಷಯ ಮೊದಲು ಎಂದು ನೀನು ಯಾವಾಗಲೂ ಹೇಳುತ್ತೀಯ. ವಿಷಯ ಇದು. ನಾಳೆ ಹನ್ನೊಂದು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ನೀನು ಅರವತ್ತೆರಡನೆಯ ಸಾಲಿನ ಮೆಕ್ಕೆಜೋಳದ ತಳಿಯ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಈ ತಳಿ ಎಲೆ ಅಂಗಮಾರಿ ರೋಗವನ್ನು ತಡೆಯುತ್ತದೆ ಎಂಬುದು ಆ ಸಹಿಯ ಅರ್ಥ. ಹಾಕಬೇಡ ಅಮ್ಮ. ಪರೀಕ್ಷೆಗೆಂದು ಹಾಕಬೇಕಾದ ರೋಗವನ್ನು ಆ ಸಾಲಿಗೆ ಹಾಕಿಯೇ ಇರಲಿಲ್ಲ. ಹಾಕಬೇಕಾಗಿದ್ದವಳು ನಾನು. ಹಾಕದೆ, ಹಾಕಿದೆ ಎಂದು ಹೊಲದ ಲೆಕ್ಕದ ಪುಸ್ತಕದಲ್ಲಿ ಗುರುತು ಮಾಡಿದೆ.

ಇಷ್ಟು ಸಾಕು ಅನಿಸಿದರೆ ಇಲ್ಲಿಗೇ ನಿಲ್ಲಿಸು. ಆದರೆ ನಿರ್ದೇಶಕರು ಹೇಗೆ ಯಾಕೆ ಎಂದು ಕೇಳದೆ ಬಿಡುವವರಲ್ಲ. ಅವರಿಗೆ ಈ ಹಾಳೆಗಳನ್ನೇ ಕೊಟ್ಟುಬಿಡು. ಅದಕ್ಕಾಗಿಯೇ ನಿನಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತಿದ್ದೇನೆ. ನಾನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು. ಸಾಹಿತ್ಯ ಓದಿದವಳು, ಪಾಪ, ಅವಳಿಗೇನು ಗೊತ್ತು ಎಂಬ ರಿಯಾಯಿತಿ ನನಗೆ ಬೇಡ. ಈ ಕೃಷಿ ಸಂಶೋಧನಾ ಕ್ಷೇತ್ರದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೇ?

ನಾನು ಚಿಕ್ಕವಳಿದ್ದಾಗ ನಿನ್ನ ಕೈಗೆ ಸದಾ ಪರಾಗದ ವಾಸನೆ ಇರುತ್ತಿತ್ತು. ಒಣ ಹುಲ್ಲಿನ ಮೇಲೆ ಹಿಟ್ಟು ಚೆಲ್ಲಿದಂಥ ವಾಸನೆ. ಗಿಡದ ನೆತ್ತಿಯ ಸೂಲಂಗಿಗೆ, ಅಂದರೆ ಗಂಡು ಹೂವಿಗೆ, ಒಂದು ಕಾಗದದ ಚೀಲ, ಸೊಂಟದ ಎಳೆ ತೆನೆಗೆ ಒಂದು ಚೀಲ. ಹೊರಗಿನ ಪರಾಗದ ಒಂದು ಕಣವೂ ಒಳಗೆ ಬರಬಾರದು. ಮಾರನೆಯ ದಿನ ನೆತ್ತಿಯ ಚೀಲದಲ್ಲಿ ಉದುರಿದ್ದನ್ನು ಅದೇ ಗಿಡದ ತೆನೆಯ ಕೂದಲಿಗೆ ಸುರಿದು, ಮತ್ತೆ ಮುಚ್ಚಿ, ಚೀಲದ ಮೇಲೆ ತಾರೀಖು ಬರೆಯುವುದು. ಗಿಡಕ್ಕೆ ಅದೇ ತಂದೆ, ಅದೇ ತಾಯಿ. ಹೀಗೆ ಎಂಟು ಪೀಳಿಗೆ. ಒಂದೊಂದು ಪೀಳಿಗೆಗೂ ಗಿಡ ಕುಳ್ಳಗಾಗುತ್ತದೆ, ತೆನೆ ಹೆಬ್ಬೆರಳಿನಷ್ಟಾಗುತ್ತದೆ. "ಎಂಟು ತಲೆಮಾರು ತನ್ನನ್ನ ತಾನೇ ಮದುವೆ ಆದ್ರೆ ಇನ್ನೇನಾಗುತ್ತೆ, ಸೊರಗುತ್ತೆ" ಎನ್ನುತ್ತಾಳೆ ಮೇಸ್ತ್ರಿ ಅಕ್ಕ. ಸೊರಗಲಿ, ಒಳಗೆ ಅಡಗಿರುವುದೆಲ್ಲ ಹೊರಗೆ ಬರಲಿ ಎಂದೇ ಹೀಗೆ ಮಾಡುವುದು ಎಂದು ನೀನು ಹೇಳುತ್ತಿದ್ದೆ. ಕೆಟ್ಟದ್ದು ಉದುರಿಹೋದ ಮೇಲೂ ನಿಂತದ್ದನ್ನು ನಂಬಬಹುದು, ಮತ್ತೆ ಬಿತ್ತಿದರೂ ಅದು ಅದೇ ಆಗಿರುತ್ತದೆ ಎಂದು.

ಅರವತ್ತೆರಡರ ಮೂಲ ಗಿಡವನ್ನು ನೀನು ಕಂಡ ದಿನ ನನಗೆ ನೆನಪಿದೆ. ನಾನಾಗ ಕಾಲೇಜಿಗೆ ಸೇರಿದ್ದೆನಷ್ಟೆ. ಅಂಗಮಾರಿ ಬಡಿದು ಇಡೀ ಹೊಲ ಕಾಗದ ಸುಟ್ಟ ಹಾಗಾಗಿತ್ತು. ಆ ನಡುವೆ ಒಂದೇ ಒಂದು ಗಿಡ ಹಸಿರಾಗಿ ನಿಂತಿತ್ತು. ಮನೆಗೆ ಬಂದವಳೇ ಕಾಲು ತೊಳೆಯದೆ ಒಳಗೆ ನುಗ್ಗಿದೆ. ಅಷ್ಟು ಶಿಸ್ತಿನ ನೀನು! ನೆಲವೆಲ್ಲ ಕೆಸರು. ಅವತ್ತೂ ನೀನು ಹಿಗ್ಗಲಿಲ್ಲ. ಒಂದೇ ಮಾತು ಹೇಳಿದೆ, ನಾನು ಮರೆತಿಲ್ಲ. "ಮಳೆ ಬಂದಾಗ ಸೂರಿನ ಕೆಳಗೆ ನಿಂತವನು ನೆನೀಲಿಲ್ಲ ಅಂದ್ರೆ ಅವನ ಚರ್ಮ ಗಟ್ಟಿ ಅಂತಲ್ಲ." ತಪ್ಪಿಸಿಕೊಂಡ ಗಿಡ ಬೇರೆ, ತಡೆದುಕೊಂಡ ಗಿಡ ಬೇರೆ. ಅದು ಯಾವುದೆಂದು ತಿಳಿಯಲು ರೋಗವನ್ನು ನಾವೇ ತಂದು ಅದರ ಬಾಯಿಗೆ ಇಡಬೇಕು.

ಐದು ವರ್ಷ, ಎಂಟು ಪೀಳಿಗೆ ಆದ ಮೇಲೆ ಆ ಪರೀಕ್ಷೆ ಕಳೆದ ಹಂಗಾಮಿನಲ್ಲಿ ಬಂತು. ನೀನು ನಿವೃತ್ತಿಯಾಗುವ ಮುಂಚಿನ ಕೊನೆಯ ಹಂಗಾಮು. ಪದವಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಹೊಲದ ಪುಸ್ತಕ ಬರೆಯುವ ಕೆಲಸಕ್ಕೆ ಹಾಕಿಸಿದೆ. ಕಥೆ ಬರೆಯೋರ ಕೈಗೆ ಅಂಕೆ ಕೊಟ್ಟರೆ ಏಳು ಎಂಟಾಗುತ್ತೆ, ಎಂಟು ಒಂಬತ್ತಾಗುತ್ತೆ ಎಂದು ಹೆದರಿಸಿದೆ. ನಿನ್ನ ಎರಡು ಕಟ್ಟುನಿಟ್ಟುಗಳನ್ನು ಮೊದಲ ದಿನವೇ ಕಲಿತೆ. ಒಂದು, ಸಾಲಿನ ಅಂಕೆಯನ್ನು ಕೂಗುವವರು ಒಬ್ಬರು, ಬರೆಯುವವರು ಇನ್ನೊಬ್ಬರು; ಬರೆಯುವವರು ಕೇಳಿದ್ದನ್ನು ತಿರುಗಿ ಕೂಗಿ ಹೇಳಿದ ಮೇಲೆಯೇ ಬರೆಯಬೇಕು. ಇನ್ನೊಂದು, ರೋಗ ಹಾಕಿದ ಕೈ ಪುಸ್ತಕದಲ್ಲಿ ಗುರುತು ಹಾಕಬಾರದು. ಒಬ್ಬರು ಹಾಕುತ್ತಾ ಮುಂದೆ, ಇನ್ನೊಬ್ಬರು ಪ್ರತಿ ಗಿಡದ ಸುಳಿಯನ್ನು ಬಗ್ಗಿ ನೋಡುತ್ತಾ ಹಿಂದೆ. ತಪ್ಪಾದರೆ ಇಬ್ಬರೂ ಕಾಣದೆ ಇರಲಿಕ್ಕಿಲ್ಲ ಎಂಬುದು ಅದರ ಲೆಕ್ಕ.

ಎರಡು ತಾಕುಗಳಲ್ಲಿ ಬಿತ್ತಿದೆವು. ಕೆಳಗಿನ ತಾಕಿನಲ್ಲಿ ನೀರು ನಿಂತು ಬೇರು ಕೊಳೆಯುತ್ತಾ ಬಂತು. ಮೇಲಿನ ತಾಕೊಂದೇ ನಂಬಿಕೆ. ಪ್ರತಿ ಹತ್ತನೆಯ ಸಾಲಿನಲ್ಲಿ ರೋಗಕ್ಕೆ ಖಂಡಿತ ಸೋಲುವ ತಳಿ, ನಮ್ಮ ಸಾಕ್ಷಿ ಸಾಲು. ಅದೂ ಸೋಲದಿದ್ದರೆ ನಾವು ಹಾಕಿದ ರೋಗವೇ ಸತ್ತಿದೆ ಎಂದರ್ಥ. ಗಿಡ ಮೊಣಕಾಲೆತ್ತರ ಬಂದಾಗ, ಬೇಯಿಸಿದ ಬಿಳಿ ಜೋಳದ ಕಾಳಿನ ಮೇಲೆ ಬೆಳೆಸಿದ ರೋಗದ ಕಪ್ಪು ಬೂಷ್ಟನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ಬಿಸಿಲು ಇಳಿದ ಮೇಲೆ ಒಂದೊಂದು ಗಿಡದ ಸುಳಿಗೂ ಒಂದೊಂದು ಚಿಟಿಕೆ ಹಾಕಬೇಕು. ಅದೇ ದಿನ ನಾನು ಕೆಡಿಸಿದ್ದು.

ಆ ಬೆಳಿಗ್ಗೆ ನಾವು ಜಗಳವಾಡಿದ್ದೆವು. ಮನೆಯ ಮಾತು, ನಿರ್ದೇಶಕರು ಓದಿದರೆ ಓದಲಿ. ಬೇರೆ ಊರಿನ ಶಾಲೆಯಿಂದ ನನಗೆ ಕರೆ ಬಂದಿತ್ತು, ಹತ್ತು ದಿನದೊಳಗೆ ಹೋಗಿ ಸೇರಿಕೊಳ್ಳಬೇಕಿತ್ತು. ಹಂಗಾಮು ಮುಗಿಯಲಿ, ಇಂಥ ಕೆಲಸ ಇನ್ನೊಂದು ಬರುತ್ತೆ ಎಂದೆ ನೀನು. ನಿನಗೆ ಜೋಳವೇ ಮಗಳು, ನಾನು ಅದರ ಪುಸ್ತಕ ಹೊರುವವಳು ಎಂದೆ ನಾನು. "ಮಾತು ಬರಲ್ಲ ಅಂತಿದ್ದೆ, ಇದೆಲ್ಲ ಎಲ್ಲಿ ಇಟ್ಕೊಂಡಿದ್ದೆ?" ಎಂದು ನೀನು ಕೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಹುಟ್ಟಿದಾಗಿನಿಂದ ನನ್ನ ತಲೆಯ ಮೇಲೂ ಒಂದು ಕಾಗದದ ಚೀಲ ಕಟ್ಟಿಟ್ಟಿದ್ದೀಯ, ಹೊರಗಿನ ಗಾಳಿ ಸೋಕದ ಹಾಗೆ, ಅದಕ್ಕೇ ನಾನು ಹೀಗೆ ಸೊರಗಿರುವುದು ಎಂದುಬಿಟ್ಟೆ. ಅಪ್ಪ ಹೋದ ಮೇಲೆ ಒಂಟಿಯಾಗಿ ನನ್ನನ್ನು ಸಾಕಿದವಳಿಗೆ ಹೇಳುವ ಮಾತಲ್ಲ ಅದು. ನೀನು ತಲೆಗೆ ಬಟ್ಟೆ ಕಟ್ಟಿಕೊಂಡೆ. ಗಂಟು ಸರಿಯಾಗಿ ಬೀಳದೆ ಎರಡು ಸಲ ಬಿಚ್ಚಿ ಕಟ್ಟಿದೆ. ಹೋದೆ.

ನಾನು ಮಧ್ಯಾಹ್ನದ ಮೇಲೆ ಹೊಲಕ್ಕೆ ಬಂದೆ. ಐವತ್ತೈದನೆಯ ಸಾಲಿನವರೆಗೆ ಕಾಳು ಹಾಕುತ್ತಾ ನೀನು ಮುಂದೆ, ನಾನು ಹಿಂದೆ. ಅಷ್ಟರಲ್ಲಿ ಕೆಳಗಿನ ತಾಕಿನ ಪಂಪು ನಿಂತಿತು. ನೀನು ಡಬ್ಬಿ ನನ್ನ ಕೈಗೆ ಕೊಟ್ಟು, ಉಳಿದದ್ದನ್ನು ನಿಧಾನವಾಗಿ ಮಾಡು, ಗುರುತು ನಾನು ಬಂದು ನೋಡಿ ಹಾಕುತ್ತೇನೆ ಎಂದು ಹೇಳಿ ಇಳಿದು ಹೋದೆ. ಸಾಕ್ಷಿ ಸಾಲು ಅರವತ್ತು ಮುಗಿಯಿತು, ಅರವತ್ತೊಂದೂ ಮುಗಿಯಿತು. ಡಬ್ಬಿಯ ತಳ ಕಾಣಿಸಿತು. ಇನ್ನೊಂದು ಡಬ್ಬಿ ಬೇಲಿಯ ಹತ್ತಿರ, ಎಪ್ಪತ್ತನೆಯ ಸಾಲಿನಾಚೆ. ಅಲ್ಲಿಯವರೆಗೆ ನಡೆದು ತಂದೆ. ತಲೆಯ ತುಂಬ ಬೆಳಗಿನ ಮಾತೇ. ಇನ್ನೇನು ಹೇಳಬಹುದಿತ್ತು, ಹೇಗೆ ಹೇಳಬಹುದಿತ್ತು ಎಂದು ಮನಸ್ಸಿನಲ್ಲಿಯೇ ಜಗಳ ಮುಂದುವರಿದಿತ್ತು. ವಾಪಸ್ಸು ಬಂದು ಹಾಕಲು ಶುರು ಮಾಡಿದ್ದು ಅರವತ್ತಮೂರರಿಂದ. ಕೊನೆಯಲ್ಲಿ ಪುಸ್ತಕ ತೆಗೆದು, ನಿನಗೆ ಮತ್ತೆ ಹತ್ತುವ ತೊಂದರೆ ಯಾಕೆಂದು, ಐವತ್ತಾರರಿಂದ ಎಪ್ಪತ್ತೆರಡರವರೆಗೆ ಒಂದೇ ಉಸಿರಿಗೆ ಸರಿ ಗುರುತು ಎಳೆದೆ. ಹಾಕಿದ ಕೈಯೇ ಗುರುತೂ ಹಾಕಿತು. ಇಷ್ಟೇ ನಡೆದದ್ದು. ದೊಡ್ಡ ಪಾಪಗಳಿಗೆ ದೊಡ್ಡ ಕಾರಣ ಇರುತ್ತದೆ ಎಂದು ಓದಿದ್ದೆ. ಹಾಗೇನೂ ಇಲ್ಲ.

ಆಮೇಲೆ ಹದಿನೈದು ದಿನ ಮಳೆಯಿಲ್ಲ, ಇಬ್ಬನಿಯೂ ಕಡಿಮೆ. ಹಾಕಿದ ಸಾಲುಗಳಲ್ಲಿ ರೋಗ ಕಚ್ಚಿಕೊಂಡಿತು, ಆದರೆ ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಲಿಲ್ಲ. ಹಾರಿದ್ದರೆ ಅರವತ್ತೆರಡೂ ಅವತ್ತೇ ನಿಜ ಹೇಳಿಬಿಡುತ್ತಿತ್ತು.

ರೋಗದ ತೀವ್ರತೆಗೆ ಅಂಕೆ ಹಾಕಿದ ದಿನ ನೆನಪಿಸಿಕೋ. ಒಂದೆಂದರೆ ಚೊಕ್ಕಟ, ಒಂಬತ್ತೆಂದರೆ ಸತ್ತ ಗಿಡ. ನೀನು ಸಾಲಿನಿಂದ ಸಾಲಿಗೆ ನಡೆಯುತ್ತಾ ಕೂಗುತ್ತಿದ್ದೆ. ಐವತ್ತೊಂಬತ್ತು, ಐದು. ನಾನು ತಿರುಗಿ ಕೂಗಿದೆ. ಅರವತ್ತು, ಎಂಟು. ಕೂಗಿದೆ. ಅರವತ್ತೊಂದು, ಆರು. ಕೂಗಿದೆ. ಅರವತ್ತೆರಡರ ಮುಂದೆ ನೀನು ಬಹಳ ಹೊತ್ತು ನಿಂತೆ. ನಾಲ್ಕೈದು ಸಣ್ಣ ಮಚ್ಚೆ ಬಿಟ್ಟರೆ ಎಲೆಯೆಲ್ಲ ಹಸಿರು. ಅಕ್ಕಪಕ್ಕದ ಸಾಲುಗಳು ಸುಟ್ಟು ನಿಂತಿದ್ದರಿಂದ ಇನ್ನೂ ಹಸಿರಾಗಿ ಕಾಣುತ್ತಿತ್ತು. "ಎರಡು" ಎಂದೆ ನೀನು. ನಾನು ತಿರುಗಿ ಕೂಗಲಿಲ್ಲ. ಅವತ್ತೊಂದು ದಿನ ನೀನೂ ಬೈಯಲಿಲ್ಲ. ಮುಂದಿನ ಸಾಲಿಗೆ ನಡೆದುಬಿಟ್ಟೆ. ನಾನು ಎರಡು ಎಂದು ಬರೆದೆ.

ನಿರ್ದೇಶಕರು ಸಂಜೆಯೇ ಓಡಿಬಂದರು. ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂವತ್ತೊಂದು ವರ್ಷ ರೋಗಾನೇ ಎಣಿಸಿದ್ರಿ ಮೇಡಂ, ಕೊನೆಗೂ ಒಂದು ಆರೋಗ್ಯ ಸಿಕ್ತು ನೋಡಿ" ಎಂದರು. ಮೇಸ್ತ್ರಿ ಅಕ್ಕ, ಅಮ್ಮಾವ್ರು ಹೋಗೋ ಮುಂಚೆ ಹೆರಿಗೆ ಮುಗಿಸಿಕೊಂಡೇ ಹೋಗ್ತಿದ್ದಾರೆ ಎಂದು ಎಲ್ಲರ ಮುಂದೆ ನಗೆಯಾಡಿದಳು. ನೀನು ಬಗ್ಗಿ ಕಳೆ ಕೀಳತೊಡಗಿದೆ. ಹೊಗಳಿದರೆ ನೀನು ಯಾವಾಗಲೂ ಹಾಗೆಯೇ. ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಈಗ ಹೇಳು, ಈಗ ಹೇಳು ಎಂದು ಒಳಗೊಂದು ದನಿ. ಆ ದನಿಯೂ ನನ್ನದೇ ಅಲ್ಲವೇ, ಕೇಳಿಸುವಷ್ಟು ಜೋರಾಗಿರಲಿಲ್ಲ.

ಹೇಳದೆ ಮೂರು ತಿಂಗಳು ಕಳೆದೆ. ಕೊಯ್ಲಾಯಿತು, ತೆನೆ ಒಣಗಿತು, ಕಾಳು ಬಿಡಿಸಿಯಾಯಿತು. ಒಬ್ಬೊಬ್ಬರೇ ಪತ್ರ ಬರೆದು ಬೀಜ ಕೇಳಲು ಶುರು ಮಾಡಿದರು. ನೀನೀಗ ಕಟ್ಟುತ್ತಿರುವ ಹನ್ನೊಂದು ಪೊಟ್ಟಣಗಳು ಹನ್ನೊಂದು ಕ್ಷೇತ್ರಗಳಿಗೆ ಹೋಗುತ್ತವೆ. ಅಲ್ಲಿಯೂ ನಿನ್ನಂಥವರು ಇರುತ್ತಾರೆ. ತಮ್ಮ ಒಳ್ಳೆಯ ತಳಿಗಳ ಜೊತೆ ಇದನ್ನು ಕೂಡಿಸುತ್ತಾರೆ, ಚೀಲ ಕಟ್ಟುತ್ತಾರೆ, ಎಂಟು ಪೀಳಿಗೆ ಕಾಯುತ್ತಾರೆ. ಹತ್ತು ವರ್ಷದ ಮೇಲೆ ಒಂದು ಒದ್ದೆ ವರ್ಷ ಬಂದು ಅವರ ಹೊಲವೆಲ್ಲ ಸುಟ್ಟಾಗ, ತಪ್ಪು ಎಲ್ಲಿ ಆಯಿತೆಂದು ತಮ್ಮ ಪುಸ್ತಕಗಳನ್ನೇ ತಿರುವಿ ಹಾಕುತ್ತಾರೆ. ನಮ್ಮ ಪುಸ್ತಕದಲ್ಲಿ ಒಂದು ಸರಿ ಗುರುತು ಸುಮ್ಮನೆ ಕುಳಿತಿರುತ್ತದೆ.

ಒಂದು ಆಸೆ ಇತ್ತು. ರೋಗ ಹಾಕದಿದ್ದರೂ ಅದು ನಿಜವಾಗಿಯೂ ತಡೆಯುವ ತಳಿಯೇ ಆಗಿರಬಹುದಲ್ಲ? ಆಗ ನನ್ನ ತಪ್ಪು ಯಾರಿಗೂ ತಾಗದೆ ಕರಗಿಹೋಗುತ್ತಿತ್ತು. ಕಾಳು ಬಿಡಿಸಿದ ದಿನವೇ ಅರವತ್ತೆರಡರ ಹದಿನೈದು ಬೀಜ ತೆಗೆದುಕೊಂಡೆ. ಕೆಟ್ಟ ಪಂಪ್ ಶೆಡ್ಡಿನ ಹಿಂದೆ ಬಣ್ಣದ ಹಳೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ ಬಿತ್ತಿದೆ. ಹನ್ನೆರಡು ಹುಟ್ಟಿದವು. ಪ್ರಯೋಗಾಲಯದ ಫ್ರಿಜ್ಜಿನ ಹಿಂಬದಿಯಲ್ಲಿ ಒಂದು ಸೀಸೆ ಬೂಷ್ಟಿನ ಕಾಳು ಉಳಿದಿತ್ತು. ಆರು ಎಲೆ ಬಂದಾಗ ಪ್ರತಿ ಸುಳಿಗೂ ಹಾಕಿದೆ. ಎಣಿಸಿದೆ, ಮತ್ತೆ ಎಣಿಸಿದೆ. ಎರಡು ದಿನ ಒದ್ದೆ ಪ್ಲಾಸ್ಟಿಕ್ ಹೊದಿಸಿಟ್ಟೆ. ಪಕ್ಕದಲ್ಲಿ ಸಾಕ್ಷಿ ತಳಿಯ ಮೂರು ಗಿಡಗಳನ್ನೂ ಇಟ್ಟಿದ್ದೆ, ನಿನ್ನ ಮಗಳಲ್ಲವೇ.

ಎಂಟು ದಿನ ಏನೂ ಇಲ್ಲ. ಒಂಬತ್ತನೆಯ ದಿನ ನೀರು ಚಿಮುಕಿಸಿದ ಹಾಗೆ ಚುಕ್ಕೆಗಳು. ಧೂಳಿರಬಹುದೆಂದು ಸೀರೆಯ ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಇವತ್ತಿಗೆ ಹದಿನೆಂಟು ದಿನ. ಎರಡೂ ತುದಿ ಚೂಪಾದ ಬೂದು ಮಚ್ಚೆಗಳು, ಎಲೆಯ ಉದ್ದಕ್ಕೂ ಕಟ್ಟಿಹಾಕಿದ ಪುಟ್ಟ ದೋಣಿಗಳ ಹಾಗೆ, ಒಂದಕ್ಕೊಂದು ಕೂಡಿಕೊಂಡಿವೆ. ಹನ್ನೆರಡರಲ್ಲಿ ಹತ್ತು ಗಿಡಕ್ಕೆ ನಾನು ಎಂಟು ಅಂಕೆ ಕೊಟ್ಟಿದ್ದೇನೆ. ಸಾಕ್ಷಿ ಗಿಡಗಳಿಗೂ ಎಂಟೇ.

ಉಳಿದ ಎರಡು ಗಿಡಗಳಲ್ಲಿ ಏನೂ ಇಲ್ಲ. ತಪ್ಪಿಸಿಕೊಂಡವೋ, ತಡೆದುಕೊಂಡವೋ, ಇಲ್ಲ ಬೀಜವೇ ಎಲ್ಲೋ ಬೆರೆತಿತ್ತೋ ನನಗೆ ತಿಳಿಯದು. ಅದನ್ನು ಹೇಳುವ ಕಣ್ಣು ನನಗಿಲ್ಲ. ಅವಕ್ಕೆ ಸೂಲಂಗಿ ಬಂದಾಗ ಯಾರಾದರೂ ಚೀಲ ಕಟ್ಟಬೇಕಾಗುತ್ತದೆ. ಇದನ್ನು ಸಮಾಧಾನಕ್ಕೆಂದು ಬರೆಯುತ್ತಿಲ್ಲ. ಇದೆ, ಆದ್ದರಿಂದ ಬರೆದೆ.

ಈಗ ನಿರ್ದೇಶಕರು ಈ ತಿಂಗಳು ತಳಿ ಹೊರಗೆ ಹೋಗಲೇಬೇಕು ಎನ್ನಬಹುದು. ಮೇಡಂ, ನಿಮ್ಮ ಹೆಸರಲ್ಲಿ ಒಂದಾದರೂ ಉಳೀಬೇಕಲ್ಲ ಎಂದು ಅವರು ಮೊನ್ನೆ ನಮ್ಮ ಮನೆಯಲ್ಲಿಯೇ ಕುಳಿತು ಹೇಳಿದರು. ಉಳಿದದ್ದನ್ನು ಮುಂದೆ ಬರುವವರು ನೋಡಿಕೊಳ್ಳುತ್ತಾರೆ ಎಂದೂ ಹೇಳಬಹುದು. ನೀನು ಒಪ್ಪಬೇಡ. ಈ ಹಾಳೆಗಳನ್ನು ಅವರ ಮುಂದಿಡು. ತಪ್ಪು ಪುಸ್ತಕ ಬರೆಯುವವಳದು, ತಳಿ ಮಾಡಿದವಳದಲ್ಲ ಎಂದು ಹೇಳು. ನನ್ನನ್ನು ಕರೆಸಿದರೆ ಬರುತ್ತೇನೆ. ಅಲ್ಲಿಯಾದರೂ ಜೋರಾಗಿ ಮಾತಾಡಲು ಪ್ರಯತ್ನಿಸುತ್ತೇನೆ. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ. ಹೇಗೂ ಹಂಗಾಮು ಮುಗಿದಿದೆ.

ನಿನ್ನ ಐದು ವರ್ಷಕ್ಕೆ ನಾನು ಏನು ಹೇಳಲಿ? ಕ್ಷಮಿಸು ಎಂಬ ಮಾತು ಇಲ್ಲಿ ಹೆಬ್ಬೆರಳಿನಷ್ಟು ತೆನೆ. ಆದರೂ ಅದನ್ನೇ ಇಡುತ್ತಿದ್ದೇನೆ. ತಕ್ಕಡಿಯ ಸದ್ದು ನಿಂತಿದೆ. ಈಗ ನೀನು ಬರುತ್ತೀಯ. ಈ ಕಾಗದವನ್ನು ನಿನ್ನ ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟು ನಾನು ಹಿತ್ತಲಿಗೆ ಹೋಗುತ್ತೇನೆ.

ತಪ್ಪನ್ನು ಒಪ್ಪಿಕೊಂಡು ಕೈಯಾರೆ ಬರೆದವಳು,
ನಿನ್ನ ಮಗಳು
(ಮೇಲಿನ ತಾಕಿನ ಪುಸ್ತಕ ಬರೆಯುವವಳು)

ತಾ. ಕ.

ಈ ಹಾಳೆ ನಿನಗೆ ಮಾತ್ರ. ಇದಕ್ಕೆ ಪುಟದ ಸಂಖ್ಯೆ ಹಾಕಿಲ್ಲ, ನೋಡು. ನಿರ್ದೇಶಕರಿಗೆ ಕೊಡುವ ಮುಂಚೆ ತೆಗೆದು ಒಲೆಗೆ ಹಾಕು.

ಆ ದಿನ ನಾನು ಹೊಲಕ್ಕೆ ಬಂದೇ ಇರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು. ಜಗಳವಾದ ಮೇಲೆ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಮಲಗಿದ್ದೆ. ಇಬ್ಬರು ಮಾಡುವ ಕೆಲಸವನ್ನು ನೀನೊಬ್ಬಳೇ ಮಾಡಿದೆ. ಕಾಳು ಹಾಕಿದ ಕೈಯೂ ನಿನ್ನದೇ, ಗುರುತು ಹಾಕಿದ ಕೈಯೂ ನಿನ್ನದೇ. ಪಂಪು ನಿಂತದ್ದು, ಡಬ್ಬಿಯ ತಳ ಕಂಡದ್ದು, ಬೇಲಿಯವರೆಗೆ ನಡೆದದ್ದು, ಎಲ್ಲ ನಾನು ಕಟ್ಟಿದ್ದು. ಸಣ್ಣ ಸಣ್ಣ ವಿವರಗಳಿಲ್ಲದೆ ಸುಳ್ಳನ್ನು ಯಾರೂ ನಂಬುವುದಿಲ್ಲ. ಮೂರು ವರ್ಷ ಓದಿದ್ದು ಕೊನೆಗೂ ಒಂದು ಕೆಲಸಕ್ಕೆ ಬಂತು. ಆದರೆ ಆ ಮಧ್ಯಾಹ್ನ ತಲೆಯ ತುಂಬ ಬೆಳಗಿನ ಮಾತೇ ಇತ್ತು ಎಂದು ಬರೆದೆನಲ್ಲ, ಅದು ನಿನ್ನ ತಲೆ. ಅದನ್ನು ತುಂಬಿದವಳು ನಾನು. ಆದ್ದರಿಂದ ಈ ಕಾಗದ ಪೂರ್ತಿ ಸುಳ್ಳೂ ಅಲ್ಲ.

ಅಂಕೆ ಹಾಕುವ ದಿನ ನೀನು ಅರವತ್ತೆರಡರ ಮುಂದೆ ಸುಮ್ಮನೆ ನಿಲ್ಲಲಿಲ್ಲ ಅಮ್ಮ. ಎಲೆಯ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಬೇರೆ ಎಲ್ಲ ಸಾಲುಗಳಲ್ಲಿ, ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ, ನೀನು ಹಾಕಿದ ಕರಿ ಕಾಳು ಒಂದೆರಡಾದರೂ ಸಿಕ್ಕಿಕೊಂಡಿದ್ದವು. ಅಲ್ಲಿ ಒಂದೂ ಇರಲಿಲ್ಲ. ಇನ್ನೊಂದು ಗಿಡ ಬಿಡಿಸಿದೆ, ಮತ್ತೊಂದು ಬಿಡಿಸಿದೆ. ಎಂಟು ಗಿಡ. ನಾನು ಹಿಂದೆಯೇ ನಿಂತಿದ್ದೆ. ಆಮೇಲೆ ನೀನು ನನ್ನ ಮುಖ ನೋಡದೆ ಎರಡು ಎಂದೆ. ನಾನೂ ನಿನ್ನ ಮುಖ ನೋಡದೆ ಬರೆದೆ. ಯಾಕೆ ಎಂದು ನಾನು ಕೇಳುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೊಂದು ಗಳಿಗೆ. ಆದರೆ ಅವತ್ತಿನಿಂದ ನೀನು ನನ್ನ ಜೊತೆ ಬರೀ ಕೆಲಸದ ಮಾತಾಡುತ್ತಿದ್ದೀಯ. ಅದನ್ನು ಸಹಿಸುವುದಕ್ಕಿಂತ ಏನಾದರೂ ಸರಿ.

ಹತ್ತು ಗಿಡದ ಮಚ್ಚೆ ಮಾತ್ರ ನಾನು ಕಟ್ಟಿದ್ದಲ್ಲ. ಪಂಪ್ ಶೆಡ್ಡಿನ ಹಿಂದೆ ಹೋಗಿ ನೋಡು.

ನೀನೇ ನಿರ್ದೇಶಕರಿಗೆ ನಿಜ ಹೇಳುತ್ತೀಯಾದರೆ ನನ್ನ ಹಾಳೆಗಳನ್ನೂ ಒಲೆಗೆ ಹಾಕು, ನಾನು ನಿನ್ನ ಪಕ್ಕದಲ್ಲಿಯೇ ನಿಲ್ಲುತ್ತೇನೆ. ಹೇಳಲಾಗದಿದ್ದರೆ ಅವನ್ನು ಕೊಡು. ಎರಡರಲ್ಲಿ ಯಾವುದಾದರೂ ಸರಿ, ಸಹಿ ಬೇಡ. ಅವರು ನಂಬುತ್ತಾರೋ ಇಲ್ಲವೋ ಎಂಬ ಹೆದರಿಕೆ ಬೇಡ. ಹಾಜರಿ ಪುಸ್ತಕವನ್ನು ನಿನ್ನೆ ತೆಗೆದು ನೋಡಿದೆ. ನನ್ನಿಂದ ಅಷ್ಟೆಲ್ಲ ಅನ್ನಿಸಿಕೊಂಡು ನೀನು ಹೊಲಕ್ಕೆ ಹೋದ ಆ ದಿನವೂ ನನ್ನ ಹೆಸರಿನ ಮುಂದೆ ಹಾಜರಿ ಇದೆ, ಮಗಳು ಯಾಕೆ ಬರಲಿಲ್ಲವೆಂದು ಯಾರೂ ಕೇಳಬಾರದೆಂದು ನೀನು ಹಾಕಿದ್ದು. ನಮ್ಮಿಬ್ಬರಲ್ಲಿ ಒಬ್ಬರ ಹೆಸರು ಕೆಡಲೇಬೇಕಾದರೆ ನನ್ನದು ಕೆಡಲಿ ಅಮ್ಮ. ಆ ಹಾಜರಿ ಪುಸ್ತಕ ಬಿಟ್ಟರೆ ನನ್ನ ಹೆಸರನ್ನು ಯಾರೂ ಎಲ್ಲಿಯೂ ಬರೆದುಕೊಂಡಿಲ್ಲ. ಅಲ್ಲಿ ಬರೆದವಳೂ ನೀನೇ.